ಹೊಂಬುರ್ಗ್ ಟೋಪಿಯ ಅಂಚು ಕೂರಿಸಿದ್ದು: ನನ್ನ ಅನುಭವ

ಮೈನ್ ನದಿಯ ದಂಡೆಯಲ್ಲಿ ಶನಿವಾರ ಹಳೆ ಸಾಮಾನಿನ ಸಂತೆ ಕೂಡುತ್ತದೆ. ನಾನು ಫ್ರಾಂಕ್‌ಫರ್ಟ್‌ಗೆ ಬಂದ ಹೊಸದು. ಪಿಂಗಾಣಿ ತಟ್ಟೆಗಳ ಪೆಟ್ಟಿಗೆಯಡಿ ಸಿಕ್ಕಿ ಅಪ್ಪಚ್ಚಿಯಾಗಿದ್ದ ಬೂದು ಬಣ್ಣದ ಫೆಲ್ಟ್, ಅಂದರೆ ನೇಯದೆ ಒತ್ತಿ ಮಾಡಿದ ಉಣ್ಣೆ ಬಟ್ಟೆಯ ಟೋಪಿಯೊಂದನ್ನು 12 ಯೂರೋ ಕೊಟ್ಟು ತಂದೆ. ಒಳಗಿನ ಚರ್ಮದ ಪಟ್ಟಿಯ ಮೇಲೆ 57 ಎಂಬ ಅಳತೆ ಬಿಟ್ಟರೆ ಮಿಕ್ಕಿದ್ದೆಲ್ಲ ಅಳಿಸಿಹೋಗಿತ್ತು. ಮಾರುತ್ತಿದ್ದ ಮುದುಕರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟು, "ಹೊಂಬುರ್ಗ್" ಅಂದರು.

ಈ ಬಗೆಯ ಟೋಪಿಗೆ ಊರಿನ ಹೆಸರೇ ಇಟ್ಟಿದ್ದಾರಂತೆ. ಮನೆಗೆ ಬಂದು ನಕ್ಷೆ ತೆಗೆದರೆ ಹೊಂಬುರ್ಗ್ ಊರು ಸಿಕ್ಕಿದ್ದು ದೂರದ ಸಾರ್‌ಲ್ಯಾಂಡ್‌ನಲ್ಲಿ. ಟೋಪಿಯ ಊರು ಅದಲ್ಲ, ಇಲ್ಲೇ ಪಕ್ಕದ ಬಾಡ್ ಹೊಂಬುರ್ಗ್ ಎಂದು ಸಹೋದ್ಯೋಗಿಯೊಬ್ಬರು ತಿಳಿಸಿದರು. ಎಸ್5 ಎಂಬ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಟಾವುನುಸ್ ಬೆಟ್ಟಗಳ ಬುಡದಲ್ಲಿ ಇಳಿಯಬಹುದು. ಹಾಗಾದರೆ ಟೋಪಿಯ ಹೆಸರಿನಲ್ಲಿ 'ಬಾಡ್' ಏಕಿಲ್ಲ? ಜರ್ಮನ್ನರಲ್ಲಿ ಬಾಡ್ ಎಂದರೆ ಸ್ನಾನ. ಚಿಕಿತ್ಸೆಯ ಚಿಲುಮೆಗಳಿರುವ ಊರಿಗೆ ಅದನ್ನು ಬಿರುದಿನ ಹಾಗೆ ಹೆಸರಿಗೆ ಸೇರಿಸುತ್ತಾರೆ. ಈ ಊರಿಗೆ ಅದು ಅಧಿಕೃತವಾಗಿ ಸೇರಿದ್ದು 1912ರಲ್ಲಿ. ಪ್ರಿನ್ಸ್ ಆಫ್ ವೇಲ್ಸ್, ಅಂದರೆ ಇಂಗ್ಲೆಂಡಿನ ಯುವರಾಜರಾಗಿದ್ದು, ಮುಂದೆ ಏಳನೇ ಎಡ್ವರ್ಡ್ ದೊರೆಯಾದವರು ನೀರಿನ ಚಿಕಿತ್ಸೆಗೆಂದು ಇಲ್ಲಿಗೆ ಬಂದು, ಈ ಟೋಪಿಯನ್ನು ಇಂಗ್ಲೆಂಡಿಗೆ ಒಯ್ದು ಜನಪ್ರಿಯ ಮಾಡಿದ್ದು ಅದಕ್ಕೂ ಮೊದಲು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಊರಿಗೆ ಬಿರುದು ಬರುವ ಮುಂಚೆಯೇ ಟೋಪಿ ಊರಿನ ಹೆಸರು ಹೊತ್ತು ಹೊರಟುಬಿಟ್ಟಿತ್ತು. ಇದು ತಿಳಿದ ಮೇಲೆ ಆ ಚಪ್ಪಟೆ ಫೆಲ್ಟ್ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು.

ಒಂದು ಭಾನುವಾರ ಊರು ನೋಡಿಬಂದೆ. ಎಲಿಜಬೆತ್ ಚಿಲುಮೆಯ ನೀರು ಉಪ್ಪುಪ್ಪು. ಉದ್ಯಾನದಲ್ಲಿ ಬಂಗಾರದ ಬಣ್ಣದಲ್ಲಿ ಮಿನುಗುವ ಸಯಾಮಿನ (ಇಂದಿನ ಥಾಯ್ಲೆಂಡ್) ಮಂಟಪವಿದೆ. 1907ರಲ್ಲಿ ಇಲ್ಲಿ ಚಿಕಿತ್ಸೆ ಪಡೆದ ದೊರೆ ಚುಲಾಲಂಗ್‌ಕಾರ್ನ್ ಕೊಟ್ಟ ಕಾಣಿಕೆ. ಬ್ಲಾಂಕ್ ಸಹೋದರರು 1841ರಲ್ಲಿ ತೆರೆದ ಜೂಜುಮನೆಯ ಕಥೆ ದೊಡ್ಡದು, ಅದನ್ನು ಇಲ್ಲಿ ಬಿಡುತ್ತೇನೆ.

ಕೆಲಸ ಶುರು ಮಾಡಿದ್ದು ಬಿಚ್ಚುವುದರಿಂದ. ರಿಬ್ಬನ್, ಚರ್ಮದ ಪಟ್ಟಿ, ಒಳಗಿನ ಸ್ಯಾಟಿನ್, ಎಲ್ಲದರ ಹೊಲಿಗೆಯನ್ನೂ ಸಣ್ಣ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದೆ. ಎಳೆದು ಕಿತ್ತರೆ ಫೆಲ್ಟ್ ಹರಿಯುತ್ತದೆ. ಆಮೇಲೆ ಕೆಟಲ್‌ನ ಹಬೆ ಹಿಡಿದೆ. ಕೈಗೆ ಮೆತ್ತಗಾದ ಕೂಡಲೇ 57 ಸೆಂಟಿಮೀಟರ್ ಸುತ್ತಳತೆಯ ಮರದ ಅಚ್ಚಿನ ಮೇಲೆ ಜಗ್ಗಿ ಕೂರಿಸಿ, ಬುಡಕ್ಕೆ ಹತ್ತಿ ಹಗ್ಗ ಬಿಗಿದು ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ನೆತ್ತಿಗೆ ಮತ್ತೆ ಹಬೆ ಕೊಟ್ಟು ಅಂಗೈ ಬದಿಯಿಂದ ನಡುವೆ ಒಂದೇ ಉದ್ದನೆಯ ತಗ್ಗು ಒತ್ತಿದೆ. ಫೆಡೋರಾ ಎಂಬ ಇನ್ನೊಂದು ಬಗೆಯ ಟೋಪಿಯಲ್ಲಿ ಮುಂದುಗಡೆ ಎರಡೂ ಬದಿ ಚಿವುಟಿದ ಗುಳಿ ಇರುತ್ತದೆ. ಹೊಂಬುರ್ಗ್‌ಗೆ ಆ ಚಿವುಟು ಇಲ್ಲ.

ಇಷ್ಟನ್ನು ತಾಳ್ಮೆಯಿರುವ ಯಾರಾದರೂ ಮಾಡಬಹುದು. ಹೊಂಬುರ್ಗ್ ಹೊಂಬುರ್ಗ್ ಆಗುವುದು ಅಂಚಿನಲ್ಲಿ. ಸುತ್ತಲೂ ಪೆನ್ಸಿಲ್ ದಪ್ಪಕ್ಕೆ ಮೇಲಕ್ಕೆ ಸುರುಳಿಕೊಂಡಿರಬೇಕು. ಎರಡು ಪಕ್ಕ ಹೆಚ್ಚು ಎದ್ದು, ಮುಂದೆ ಹಿಂದೆ ಕೊಂಚ ತಗ್ಗಿರಬೇಕು. ನಿಂತ ಸುರುಳಿ ಜೋತುಬೀಳದಂತೆ ಫೆಲ್ಟ್‌ಗೆ ಬಿಗುವೂ ಬೇಕು.

ಬಿಗುವಿಗೆ ಹಾಕುವುದು ಶೆಲ್ಯಾಕ್, ನಮ್ಮ ಅರಗು. ನಮ್ಮ ದೇಶದ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಮೇಲೆ ಅರಗಿನ ಹುಳು ಕಟ್ಟುವ ಅಂಟು ಅದು. ಚಳ್ಳಕೆರೆ ಕಡೆಯ ನಮ್ಮ ಮನೆಯಲ್ಲಿ ಕಂಬಳಿ ನೂಲಿಗೆ ಅಜ್ಜಿ ಹುಣಸೆಬೀಜದ ಗಂಜಿ ಬಳಿಯುತ್ತಿದ್ದುದು ನೆನಪಾಯಿತು. ಆ ನೆನಪೇ ನನ್ನ ದಾರಿ ತಪ್ಪಿಸಿತು: ಗಂಜಿಯಂತೆ ಗಟ್ಟಿಯಾಗಿ ಕಲಸಿದೆ. ಒಳಗಿನಿಂದ ಬಳಿದ ಅರಗು ಮರುದಿನ ಹೊರಗೆ ಹೊಳೆಯುವ ಕಲೆಯಾಗಿ ಇಣುಕಿತ್ತು. ಅಳುವೇ ಬಂತು. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಮೂರು ಸಂಜೆ ಒರೆಸಿ ಒರೆಸಿ ತೆಗೆದೆ. ಎರಡನೇ ಸಲ ಸ್ಪಿರಿಟ್‌ನಲ್ಲಿ ನೀರಿನಷ್ಟು ತೆಳ್ಳಗೆ ಕರಗಿಸಿ, ಅಂಚಿನ ಅಡಿಭಾಗಕ್ಕೆ ಮಾತ್ರ ಎರಡು ಕೈ ಹಚ್ಚಿದೆ.

ಸುರುಳಿ ಕೂರಿಸಲು ಟೋಪಿ ಮಾಡುವವರ ಬಳಿ ಬಾಗಿದ ಇಸ್ತ್ರಿಗಳಿರುತ್ತವೆ. ನನ್ನಲ್ಲಿದ್ದುದು ಪೆನ್ಸಿಲ್ ದಪ್ಪದ ಹತ್ತಿ ಹಗ್ಗ. ಅದನ್ನು ಅಂಚಿನ ಮೇಲಿಟ್ಟು, ಹಬೆಯಲ್ಲಿ ಮೆದುವಾದ ಫೆಲ್ಟನ್ನು ಅದರ ಸುತ್ತ ಹೊರಳಿಸಿ, ಒದ್ದೆ ಬಟ್ಟೆ ಹಾಸಿ, ಸಣ್ಣ ಇಸ್ತ್ರಿಯ ತುದಿಯಿಂದ ನಾಲ್ಕು ಬೆರಳು ಉದ್ದದಂತೆ ಒತ್ತುತ್ತ ಹೋದೆ. ಒತ್ತಿದ ಜಾಗ ಪೂರ್ತಿ ತಣ್ಣಗಾಗುವ ತನಕ ಬೆರಳು ತೆಗೆಯಬಾರದು; ಬಿಸಿ ಇರುವಾಗಲೇ ಬಿಟ್ಟರೆ ಅಲೆ ಬೀಳುತ್ತದೆ. ಒಂದು ಸುತ್ತು ಮುಗಿಯಲು ಇಡೀ ಮಧ್ಯಾಹ್ನ ಹಿಡಿಯಿತು. ಹಗ್ಗ ಎಳೆದು ತೆಗೆದಾಗ ಅಂಚು ತಾನೇ ನಿಂತಿತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ರಿಬ್ಬನ್ನಿಗೆ ಬೆಲೆ ಹೆಚ್ಚಾದರೂ ಹತ್ತಿಯ ಗ್ರೋಗ್ರೇನ್, ಅಂದರೆ ಅಡ್ಡ ಏಣುಗಳಿರುವ ರಿಬ್ಬನ್, ತನ್ನಿ. ಹಬೆ ಇಸ್ತ್ರಿಯಲ್ಲಿ ಒಂದು ಬದಿ ಎಳೆದರೆ ಅದು ಬಿಲ್ಲಿನಂತೆ ಬಾಗಿ, ಅಂಚಿನ ತಿರುವಿಗೆ ನೆರಿಗೆಯಿಲ್ಲದೆ ಕೂರುತ್ತದೆ. ಪಾಲಿಯೆಸ್ಟರ್ ಹಾಗೆ ಬಾಗುವುದಿಲ್ಲ. ತಲೆಯ ಸುತ್ತಿನ ಪಟ್ಟಿಯ ಗಂಟು ಎಡಕ್ಕೆ.

ಈಗ ಅಚ್ಚಿನ ಮೇಲೆ ಕಪ್ಪು ಬಣ್ಣದ ಇನ್ನೊಂದು ಟೋಪಿ ಕೂತಿದೆ. ಈ ಸಲ ಅರಗು ಬಳಿಯುವ ಮೊದಲು ಹಳೆ ಫೆಲ್ಟ್ ಚೂರಿನ ಮೇಲೆ ಒಂದು ಗೆರೆ ಎಳೆದು ನೋಡಿದ್ದೇನೆ. ನಾಳೆ ಬೆಳಿಗ್ಗೆ ಅದು ಹೊಳೆಯದಿದ್ದರೆ ಮುಂದಿನ ಕೆಲಸ.