ಫೋನಿನಲ್ಲೇ ಮರೆವಿನ ಪರೀಕ್ಷೆ: ಕಾಸರಗೋಡಿನ ನನ್ನ ಅನುಭವ

"ಎದುರಿಗೆ ಕೂತು ಕೇಳಿದರೇ ಅಜ್ಜಂದಿರು ಅರ್ಧ ಉತ್ತರ ಕೊಡುವುದಿಲ್ಲ, ನೀವು ಫೋನಿನಲ್ಲಿ ಕೇಳುವುದಾ ಮಾರಾಯ್ರೆ?" ಪ್ರಾಯವಾದವರ ಮರೆವು ಪರೀಕ್ಷಿಸುವ ನಮ್ಮ ತಂಡದ ಹಿರಿಯರೊಬ್ಬರು ಹೀಗೆ ಅಂದಿದ್ದರು. ಈಗ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಪ್ಪತ್ತು ಎಂಬತ್ತು ಜನರ ಪರೀಕ್ಷೆ ಫೋನಿನಲ್ಲೇ ಮುಗಿದಿದೆ. ಅವರಲ್ಲಿ ಮೂವತ್ತರಷ್ಟು ಜನರಿಗೆ, ತಿಂಗಳ ಮೇಲೆ ಬಿಟ್ಟು, ಅದೇ ಪರೀಕ್ಷೆಯನ್ನು, ನೆನಪಿಟ್ಟು ಹೇಳಬೇಕಾದ ಪದಗಳ ಬೇರೆ ಪಟ್ಟಿ ಹಿಡಿದು, ಮನೆಗೇ ಹೋಗಿ ಕೇಳಿದೆವು. ಹೆಚ್ಚಿನವರಲ್ಲಿ ಒಂದೆರಡು ಅಂಕದ ವ್ಯತ್ಯಾಸ, ಅಷ್ಟೆ. ಆ ಹಿರಿಯರು ಈಗ ನಮ್ಮ ಫಾರ್ಮ್ ತರಿಸಿಕೊಂಡಿದ್ದಾರೆ!

ಮೊದಲು ದುಡ್ಡು ಹೋದದ್ದು ಟ್ಯಾಬ್‌ಗೆ. ಒಂದಕ್ಕೆ ಹದಿಮೂರು ಸಾವಿರದ ಆಸುಪಾಸು, ಆರೋ ಏಳೋ ತೆಗೆದಿದ್ದೆವು. ಅಡಿಕೆ ಸುಲಿದು ಸುಲಿದು ಒಣಗಿದ ಬೆರಳು ಆ ಪರದೆಗೆ ಗೊತ್ತೇ ಆಗುವುದಿಲ್ಲ. ಅಜ್ಜಿ ಸರಿಯಾದ ಚಿತ್ರವನ್ನೇ ಒತ್ತುತ್ತಾರೆ, ಟ್ಯಾಬ್ ಮಾತ್ರ ಉತ್ತರವಿಲ್ಲ ಅಂತ ದಾಖಲಿಸುತ್ತದೆ. ಬೆರಳು ಒದ್ದೆ ಮಾಡಿಸಿದೆವು, ರಬ್ಬರ್ ತುದಿಯ ಪೆನ್ನು ಕೊಟ್ಟೆವು. ಪ್ರಯೋಜನವಾಗಲಿಲ್ಲ. ಆಮೇಲೆ ವಿಡಿಯೋ ಕರೆ. ಎಣ್ಮಕಜೆಯ ತೋಟದ ಮನೆಗಳಲ್ಲಿ ಚಿತ್ರ ನಿಂತು ನಿಂತು ಬರುತ್ತದೆ. ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು. ಎಂಬತ್ತರ ಅಜ್ಜನನ್ನು ಗುಡ್ಡೆ ಹತ್ತಿಸಲಿಕ್ಕುಂಟಾ?

ಕೊನೆಗೆ ಮೋಕಾ (MoCA) ಅನ್ನುವ ಮರೆವಿನ ಪರೀಕ್ಷೆಯ ಫೋನ್ ರೂಪಕ್ಕೆ ಬಂದೆ. ಚಿತ್ರ ಗುರುತಿಸುವುದು, ಗಡಿಯಾರ ಬಿಡಿಸುವುದು ಎಲ್ಲ ಬಿಟ್ಟು 30 ಅಂಕದ್ದು 22ಕ್ಕೆ ಇಳಿಯುತ್ತದೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ಇದು ಹೇಳಿಸಿದ್ದಲ್ಲ. ಅವರ ಮನೆಗೆ ಈಗಲೂ ಹೋಗುತ್ತೇವೆ.

ಪರೀಕ್ಷೆಗಿಂತ ಕಷ್ಟ ಫೋನ್ ಎತ್ತಿಸುವುದು. ಗೊತ್ತಿಲ್ಲದ ನಂಬರ್, ಪ್ರಾಯ ಎಷ್ಟು, ಇವತ್ತು ಯಾವ ತಾರೀಕು ಅಂತ ಬೇರೆ ಕೇಳುತ್ತಾರೆ. ಒಟಿಪಿ ಕಳ್ಳರು ಅಂತ ಎಷ್ಟೋ ಜನ ಇಟ್ಟೇಬಿಟ್ಟರು. ಆಶಾ ಕಾರ್ಯಕರ್ತೆ ಮುಂಚಿನ ದಿನ ಹೋಗಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ, ನನ್ನ ಹೆಸರು ಹೇಳಿ ಬಂದ ಮೇಲೆ ದಾರಿ ಸಲೀಸಾಯಿತು. ತಂತಿಯ ಇಯರ್‌ಫೋನ್ ಕೂಡ ಅವರ ಕೈಯಲ್ಲೇ ಕಳಿಸುತ್ತೇನೆ. ಇನ್ನೂರು ಚಿಲ್ಲರೆ ರೂಪಾಯಿಯ ಆ ವಸ್ತು ಟ್ಯಾಬ್‌ಗಿಂತ ಜಾಸ್ತಿ ಕೆಲಸ ಮಾಡಿದೆ.

ಯಾಕೆಂದರೆ ಫೋನಿನಲ್ಲಿ 'ಮೂರು' ಮತ್ತು 'ಆರು' ಒಂದೇ ಥರ ಕೇಳುತ್ತವೆ. ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವ ಪ್ರಶ್ನೆಯಲ್ಲಿ ತಪ್ಪಿದ್ದು ಕಿವಿಯಾ, ನೆನಪಾ ಅಂತ ಗೊತ್ತಾಗುವುದಿಲ್ಲ. ಈಗ ಪರೀಕ್ಷೆಗೆ ಮೊದಲು ಒಂದರಿಂದ ಒಂಬತ್ತರವರೆಗೆ ಒಂದೊಂದೇ ಅಂಕಿಯನ್ನು ಸಾಲು ತಪ್ಪಿಸಿ ಹೇಳಿ, ಅದನ್ನೇ ತಿರುಗಿ ಹೇಳಿಸುತ್ತೇನೆ. ಒಂದು ತಪ್ಪಿದರೂ ಅವತ್ತು ಪರೀಕ್ಷೆ ಇಲ್ಲ.

ಪಕ್ಕದಿಂದ ಪಿಸುಗುಟ್ಟುವ ಮಗ ಸೊಸೆಯರ ಕಾಟ ನಿಮಗೂ ಗೊತ್ತಲ್ವಾ? ಅದಕ್ಕೊಂದು ಉಪಾಯ ಇದೆ, ಇಲ್ಲಿ ಬರೆಯುವುದಿಲ್ಲ. ಸೊಸೆಯರೂ ಓದುತ್ತಾರೆ. ಪದಗಳ ಪಟ್ಟಿಯೂ ಹೀಗೇ ಬಯಲಾಗುತ್ತದೆ. ಒಂದು ಕಡೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಸಭೆಯಲ್ಲಿ ಐದೂ ಪದಗಳು ಹರಡಿ, ಆಚೆಮನೆಯ ಅಜ್ಜಿ ನಾನು ಕೇಳುವ ಮೊದಲೇ ಒಪ್ಪಿಸಿದರು. ಈಗ ಒಂದು ಊರಲ್ಲಿ ಒಂದೇ ಪಟ್ಟಿ ಬಳಸುವುದಿಲ್ಲ.

ತಿಂಗಳು ಯಾವುದು ಅಂದರೆ ಆಗಸ್ಟ್ ಕೊನೆಯಲ್ಲಿ 'ಸೋಣ' ಅನ್ನುತ್ತಾರೆ. ತುಳು ಲೆಕ್ಕದಲ್ಲಿ ಪಕ್ಕಾ ಸರಿ. ಇಂಗ್ಲಿಷ್ ತಿಂಗಳು ಯಾವುದು ಅಂತ ಇನ್ನೊಮ್ಮೆ ಕೇಳಿ ಎರಡನ್ನೂ ಬರೆದಿಡುತ್ತೇನೆ. ಮನೆಯಲ್ಲಿ ಎಂಎಂಎಸ್‌ಇ ಅನ್ನುವ ಇನ್ನೊಂದು ಮರೆವಿನ ಪರೀಕ್ಷೆ ಮಾಡುವಾಗ ರಾಜ್ಯ, ಜಿಲ್ಲೆ ಕೇಳಬೇಕಲ್ಲ, ಅದು ಇನ್ನೂ ಮಜಾ. 1956ರ ನವೆಂಬರ್ 1ಕ್ಕೆ ಈ ಊರು ಕೇರಳಕ್ಕೆ ಹೋಯಿತು, ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಕೇರಳಕ್ಕೆ ಹೋಗುವ ಮೊದಲು ದಕ್ಷಿಣ ಕನ್ನಡ ಜಿಲ್ಲೆ, ಆಮೇಲೆ 1984ರವರೆಗೆ ಕಣ್ಣೂರು. ಒಬ್ಬ ನಿವೃತ್ತ ಮೇಷ್ಟ್ರು, "ಕರ್ನಾಟಕ ಅಂತ ಬರೀರಿ. ನಿಮಗೆ ಬೇಕಾದ ಉತ್ತರ ನನಗೆ ಗೊತ್ತುಂಟು, ಹೇಳುವುದಿಲ್ಲ" ಅಂದರು. ಅದನ್ನು ಮರೆವು ಅಂತ ಬರೆಯಲಿಕ್ಕಾಗುತ್ತದಾ!

ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿ ಅಂದರೆ ಹೆಚ್ಚಿನವರಿಗೆ ಬೇಜಾರು. ಸುಮ್ನೆ ಕುತೂಹಲಕ್ಕೆ, ಪರೀಕ್ಷೆ ಮುಗಿದ ಮೇಲೆ, ಯಕ್ಷಗಾನದ ಪಾತ್ರಗಳ ಹೆಸರು ಕೇಳಿದೆ. ಅಕ್ಷರದಲ್ಲಿ ಏಳೆಂಟಕ್ಕೆ ನಿಂತಿದ್ದ ತಾಳಮದ್ದಳೆಯ ಹಳೇ ಅರ್ಥಧಾರಿಯೊಬ್ಬರು ಮೂವತ್ತು ದಾಟಿಸಿ, "ಇನ್ನು ರಾಕ್ಷಸರನ್ನು ಹೇಳಲಾ?" ಅಂದರು. ಹೋಲಿಸಿ ನೋಡಲು ಮಾನದಂಡ ಇಲ್ಲ, ಅಂಕಕ್ಕೆ ಸೇರಿಸುವಂತಿಲ್ಲ. ಆದರೆ ಮುಂದಿನ ಸಲ ಫೋನ್ ಮಾಡಿದಾಗ ಅವರೇ ಮೊದಲ ರಿಂಗಿಗೆ ಎತ್ತುತ್ತಾರೆ.

ಖರ್ಚು ಹೇಳುವುದಾದರೆ, ಜೀಪು ಮಾಡಿಕೊಂಡು ಹೋದರೆ ಒಬ್ಬರಿಗೆ ಏಳೆಂಟು ನೂರು ಬೀಳುತ್ತಿತ್ತು. ಫೋನಿನಲ್ಲಿ ಆಶಾ ಅವರಿಗೆ ಕೊಡುವ ನೂರೈವತ್ತೂ ಸೇರಿ ಇನ್ನೂರೈವತ್ತು ದಾಟುವುದಿಲ್ಲ. ಸಮಯ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ, ಚಾ ಆಗಿ, ಊಟಕ್ಕೆ ಮೊದಲು. ಜೂನ್, ಜುಲೈಯಲ್ಲಿ ಮಾತ್ರ ಬೇಡ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಯಾವ ಇಯರ್‌ಫೋನೂ ಉಪಯೋಗಕ್ಕೆ ಬರುವುದಿಲ್ಲ.