ಹ್ಯಾಲೊವೀನ್ ವೇಷ: ಮಕ್ಕಳಿಗೆ ತೊಡಿಸುವ ಮುನ್ನ

ಊರಿನ ಶಾಲೆಯ ಛದ್ಮವೇಷದಲ್ಲಿ ಮಗು ವೇದಿಕೆ ಮೇಲೆ ಎರಡು ನಿಮಿಷ ನಿಂತು ಇಳಿದುಬಿಡುತ್ತದೆ. ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆ, ಮಕ್ಕಳು ವೇಷ ತೊಟ್ಟು ಸಿಹಿ ಕೇಳಿಕೊಂಡು ಹೋಗುವ ಹ್ಯಾಲೊವೀನ್ ಹಬ್ಬದಂದು, ಅದೇ ಮಗು ಕತ್ತಲಲ್ಲಿ ಮನೆ ಮನೆ ಸುತ್ತಬೇಕು, ಮೆಟ್ಟಿಲು ಹತ್ತಿಳಿಯಬೇಕು, ರಸ್ತೆ ದಾಟಬೇಕು, ಕೊರೆದು ಒಳಗೆ ಮೇಣದಬತ್ತಿ ಹಚ್ಚಿಟ್ಟ ಕುಂಬಳಕಾಯಿಯ ಪಕ್ಕದಲ್ಲೇ ಬಗ್ಗಿ ಚಾಕೊಲೇಟ್ ತೆಗೆದುಕೊಳ್ಳಬೇಕು. ವೇಷ ಆರಿಸುವಾಗ ಈ ಸಂಜೆ ಕಣ್ಣಮುಂದಿರಲಿ.

ಮೊದಲ ಚಿಂತೆ ಬೆಂಕಿಯದು. ಉಡುಪು, ಮುಖವಾಡ, ವಿಗ್, ಗಡ್ಡ ಎಲ್ಲದರ ಮೇಲೂ 'ಫ್ಲೇಮ್ ರೆಸಿಸ್ಟೆಂಟ್' ಎಂಬ ಲೇಬಲ್ ಹುಡುಕಿ. ಲೇಬಲ್ ಇದ್ದ ಮಾತ್ರಕ್ಕೆ ಬೆಂಕಿ ಹತ್ತುವುದೇ ಇಲ್ಲ ಎಂದಲ್ಲ. ಸುಲಭಕ್ಕೆ ಹತ್ತುವುದಿಲ್ಲ, ಜ್ವಾಲೆಯಿಂದ ದೂರ ಸರಿದರೆ ಬೇಗ ಆರುತ್ತದೆ ಎಂದಷ್ಟೇ ಅರ್ಥ. ಊರಿಂದ ತಂದ ಉಡುಗೆಯಲ್ಲಿ ಸಾಮಾನ್ಯವಾಗಿ ಈ ಲೇಬಲ್ ಇರುವುದಿಲ್ಲ. ಹತ್ತಿಯುಂಡೆ ಅಂಟಿಸಿದ ಋಷಿಯ ಗಡ್ಡವಂತೂ ಬೇಡವೇ ಬೇಡ: ಎಳೆಗಳ ನಡುವೆಲ್ಲ ಗಾಳಿ ತುಂಬಿರುವುದರಿಂದ ಕಿಡಿ ತಾಗಿದರೆ ಭಗ್ಗನೆ ಹತ್ತುತ್ತದೆ, ಅದೂ ಮುಖದ ಮೇಲೆ. ತೆಳು ಹತ್ತಿಬಟ್ಟೆಯ ಅಗಲ ತೋಳು, ಇಳಿಬಿದ್ದ ದುಪಟ್ಟಾ ಕೂಡ ಹಾಗೆಯೇ ಅಪಾಯ. ದುಪಟ್ಟಾ ಬೇಕೇಬೇಕೆಂದರೆ ಎರಡೂ ತುದಿ ಸೊಂಟಕ್ಕೆ ಸಿಕ್ಕಿಸಿ ಹೊಲಿದುಬಿಡಿ. ನಿಮ್ಮ ಮನೆಯ ಕುಂಬಳಕಾಯಿಗೆ ಬ್ಯಾಟರಿ ದೀಪ ಇಡಿ.

ಶಿಕಾಗೋ, ಮಿನಿಯಾಪೊಲಿಸ್ ಕಡೆ ಆ ಹೊತ್ತಿಗೆ ಚಳಿ, ವೇಷದ ಒಳಗೆ ಥರ್ಮಲ್ (ಬೆಚ್ಚನೆಯ ಒಳ ಉಡುಪು) ಅಥವಾ ಜಾಕೆಟ್ ಬೇಕಾಗುತ್ತದೆ. ಅದನ್ನು ಹಾಕಿಸಿಯೇ ವೇಷದ ಅಳತೆ ನೋಡಿ. ಒಂದು ಸೈಜ್ ದೊಡ್ಡದು ಕೊಂಡರೆ ಉದ್ದವೂ ಹೆಚ್ಚುತ್ತದೆ. ಅಂಚನ್ನು ಪಾದದ ಗಂಟಿಗಿಂತ ಎರಡು ಇಂಚು ಮೇಲಕ್ಕೆ ಮಡಚಿ ಹೊಲಿಯಿರಿ, ಪಿನ್ ಸಾಲದು. ಮನೆಯ ಮೆಟ್ಟಿಲನ್ನು ಒಮ್ಮೆ ಹತ್ತಿಸಿ ಇಳಿಸಿ ನೋಡಿದರೆ ಎಲ್ಲಿ ಎಡವುತ್ತದೆ ಎಂದು ತಿಳಿಯುತ್ತದೆ. ಕಾಲಿಗೆ ದಿನದ ಶೂ ಸಾಕು. ಕುತ್ತಿಗೆಗೆ ಕಟ್ಟುವ ಕೇಪ್‌ಗೆ ದಾರದ ಬದಲು ವೆಲ್ಕ್ರೋ ಇರಲಿ, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳಬೇಕು.

ಮುಖವಾಡ ಅಕ್ಕಪಕ್ಕದ ನೋಟವನ್ನು ಮರೆಮಾಡುತ್ತದೆ, ಬಣ್ಣ ಹಚ್ಚುವುದೇ ಮೇಲು. ಹಬ್ಬಕ್ಕೆ ಒಂದೆರಡು ದಿನ ಮೊದಲು ಮಗುವಿನ ತೋಳಿಗೆ ಸ್ವಲ್ಪ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಆ ಬಣ್ಣ ಬಿಡಿ. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ಕಣ್ಣಿನ ಸುತ್ತ ಹಚ್ಚಬೇಡಿ. ದೊಡ್ಡ ಮಕ್ಕಳು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಕೇಳುತ್ತಾರೆ: ಪವರ್ ಇಲ್ಲದಿದ್ದರೂ ಕಣ್ಣಿನ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಅಮೆರಿಕದಲ್ಲಿ ಕಾನೂನುಬಾಹಿರ. ಕಣ್ಣಿಗೆ ಹೊಂದದ ಲೆನ್ಸ್ ಕರಿಗುಡ್ಡೆಯನ್ನು ಗೀರಿ ಹುಣ್ಣಾಗಿಸಬಹುದು.

ಕಪ್ಪು ವೇಷವಾದರೆ ಬೆನ್ನಿಗೆ, ತೋಳಿಗೆ, ಚಾಕೊಲೇಟ್ ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಟೇಪ್ ಅಂಟಿಸಿ, ಕೈಗೊಂದು ಟಾರ್ಚ್ ಕೊಡಿ. ಮಿನುಗುವ ಕಿರೀಟ, ಕತ್ತಿಗಳ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಲೇಬೇಕು. ಒಳಗಿರುವ ಬಟನ್ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಅನುಮಾನ ಬಂದರೂ ಸಾಕು, ಕಾಯದೆ ತಕ್ಷಣ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಹಲವು ಶಾಲೆಗಳು ಮುಖವಾಡವನ್ನೂ ಆಟಿಕೆ ಆಯುಧಗಳನ್ನೂ ಒಳಗೆ ಬಿಡುವುದಿಲ್ಲ. ಓಬವ್ವನ ಒನಕೆ, ರಾಮನ ಬಿಲ್ಲು ಶಾಲೆಯ ದಿನ ಮನೆಯಲ್ಲೇ ಇರಲಿ. ಸಂಜೆಗೆ ಮೆತ್ತನೆಯ ಫೋಮ್‌ನದ್ದು ಸರಿ. ಸ್ಪಂಜು ತುಂಬಿದ ಉಬ್ಬು ವೇಷ ತೊಟ್ಟು ಕೂತರೆ ಕಾರ್ ಸೀಟಿನ ಬೆಲ್ಟ್ ಮೈಗೆ ಬಿಗಿಯುವುದಿಲ್ಲ. ಅದನ್ನು ಕಾರಿನಿಂದ ಇಳಿದ ಮೇಲೆ ತೊಡಿಸಿ.