ರಾತ್ರಿ ಮೂರು ಗಂಟೆಯ ಶುಗರ್

ಬೆಳಗಾಗುವಷ್ಟರಲ್ಲಿ ದೊಡ್ಡಮ್ಮನ ದಿಂಬಿನ ಕವರು ಒದ್ದೆಯಾಗಿರುತ್ತಿತ್ತು. ಕತ್ತಿನ ಹಿಂದಿನ ಕೂದಲು ಚರ್ಮಕ್ಕೆ ಅಂಟಿಕೊಂಡಿರುತ್ತಿತ್ತು. ಎದ್ದ ಕೂಡಲೇ ತಲೆನೋವು, ಎದುರಿಗೆ ಸಿಕ್ಕವರ ಮೇಲೆ ಸಿಡಿಮಿಡಿ. ಸೆಕೆ ಅಂದುಕೊಂಡು ಫ್ಯಾನು ಜೋರು ಮಾಡಿದೆವು. ಒಂದು ಬೆಳಿಗ್ಗೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನೀನು ಯಾವಾಗ ಬಂದೆ?" ಅಂದರು. ನಾನು ಅದೇ ಮನೆಯಲ್ಲಿ ಇರುವವಳು.

ಅವರಿಗೆ 69 ವಯಸ್ಸು, ಸಕ್ಕರೆ ಕಾಯಿಲೆ ಬಂದು 17 ವರ್ಷ. ಮನೆಯಲ್ಲಿ ಆಗಲೇ ಮರೆವಿನ ಕಾಯಿಲೆಯ ಮಾತು ಶುರುವಾಗಿತ್ತು. ಶುಗರ್‌ದೇನೂ ತಕರಾರಿಲ್ಲ ಅನ್ನುವುದಕ್ಕೆ ಎಲ್ಲರೂ ಒಂದೇ ಪುರಾವೆ ಕೊಡುತ್ತಿದ್ದರು: ಎಚ್‌ಬಿಎ1ಸಿ 6.3. ನಾನೂ ಅದನ್ನೇ ಹೇಳುತ್ತಿದ್ದೆ. ಆ ಸಂಖ್ಯೆ ಹೆಚ್ಚುಕಡಿಮೆ ಮೂರು ತಿಂಗಳ ಶುಗರ್‌ನ ಸರಾಸರಿ. ಏರಿದ್ದೂ ಇಳಿದದ್ದೂ ಬೆರೆತು ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಶುಗರ್ ಇಳಿಸುವ ಮಾತ್ರೆ ನುಂಗುತ್ತಿರುವ ವಯಸ್ಸಾದವರಲ್ಲಿ ಅದು ಅಷ್ಟು ಕಡಿಮೆ ಬಂದರೆ, ಎಲ್ಲೋ ತೀರಾ ಕೆಳಗಿಳಿಯುತ್ತಿದೆಯೇ ಎಂದು ಕೇಳಬೇಕು ಅಂತ ಈಗ ಗೊತ್ತು.

ಮೊದಲು ಇಸಿಜಿ ಮಾಡಿಸಿದೆವು. ಬಹಳ ವರ್ಷ ಶುಗರ್ ಇದ್ದವರಿಗೆ ನರ ಮಂದವಾಗಿ, ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಬರೀ ಬೆವರು, ಸುಸ್ತು, ಉಬ್ಬಸ ಇಷ್ಟೇ ಕಾಣಬಹುದು. ಅವರ ಇಸಿಜಿ ಸರಿಯಿತ್ತು. ಆದರೆ ಅದನ್ನು ಮೊದಲ ದಿನವೇ ಮಾಡಿಸಬೇಕಿತ್ತು, ನಾವು ಹೋದದ್ದು ಮೂರನೇ ವಾರ. ಆ ಮೂರು ವಾರ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಗಂಟೆ ಎಷ್ಟು, ಏನಾಯಿತು, ಆಗ ಶುಗರ್ ಎಷ್ಟು, ಅದಕ್ಕೆ ಮುಂಚಿನ ಊಟ ಮತ್ತು ಮಾತ್ರೆ ಯಾವಾಗ, ಇಷ್ಟೇ. ಗ್ಲುಕೋಮೀಟರ್ ಮನೆಯಲ್ಲಿ ಎಷ್ಟೋ ವರ್ಷದಿಂದ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಗೆ ಒಮ್ಮೆ ನೋಡಿ ಎತ್ತಿಡುತ್ತಿದ್ದೆವು. ದೊಡ್ಡಮ್ಮನಿಗೆ ಆ ಎರಡೂ ಹೊತ್ತಿನಲ್ಲಿ ಏನೂ ಆಗುತ್ತಿರಲಿಲ್ಲ. ಹಾಗಾಗಿ ನಾನು ಮಾಡಿಕೊಂಡ ನಿಯಮ: ಏನಾದರೂ ವ್ಯತ್ಯಾಸ ಕಂಡ ಆ ಗಳಿಗೆಯಲ್ಲೇ ಬೆರಳು ಚುಚ್ಚಿ ನೋಡುವುದು, ಪ್ರಶ್ನೆ ಆಮೇಲೆ.

ಬೆವರು ರಾತ್ರಿಯದಾದ್ದರಿಂದ ಮೂರು ಗಂಟೆಗೆ ಅಲಾರಂ ಇಟ್ಟೆ. ಮೊದಲ ರಾತ್ರಿ 88. ಎರಡನೆಯದು 74. ಮೂರನೇ ರಾತ್ರಿ ಹಣೆ ಮುಟ್ಟಿದರೆ ತಣ್ಣಗೆ, ಜಿಗುಟಾಗಿ ಬೆವರು. ಬೆರಳನ್ನು ಚೆನ್ನಾಗಿ ಒರೆಸಿ ಒಣಗಿಸಿ (ಬೆವರೋ ನೀರೋ ಇದ್ದರೆ ರೀಡಿಂಗ್ ತಪ್ಪಾಗುತ್ತದೆ), ತುದಿಯ ಪಕ್ಕಕ್ಕೆ ಚುಚ್ಚಿದೆ. 49. ಎಬ್ಬಿಸಿದರೆ "ಬೆಳಗಾಯ್ತಾ?" ಅಂತ ತೊದಲಿದರು. ನುಂಗುವಷ್ಟು ಎಚ್ಚರವಿತ್ತು. ಕೂರಿಸಿ, 15 ಗ್ರಾಂ ಆಗುವಂತೆ ಒಂದು ದೊಡ್ಡ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದರೆ 63. ಮತ್ತೆ ಅಷ್ಟೇ ಕೊಟ್ಟೆ. 97ಕ್ಕೆ ಬಂದ ಮೇಲೆ ಸ್ವಲ್ಪ ತಿನ್ನಿಸಿ ಮಲಗಿಸಿದೆ. 70ಕ್ಕಿಂತ ಕೆಳಗೆ ಬಂದರೆ ಇದನ್ನು ತಡಮಾಡದೆ ಮಾಡಬೇಕು. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ, ಆಂಬ್ಯುಲೆನ್ಸ್ ಕರೆಯಬೇಕು.

ಬೆಳಗಾದ ಮೇಲೆ ಡಾಕ್ಟರ ಹತ್ತಿರ ನೋಟ್‌ಬುಕ್ಕನ್ನೂ ಮಾತ್ರೆಯ ಡಬ್ಬಿಯನ್ನೂ ಹಾಗೇ ಒಯ್ದೆ. ಚೀಟಿಯಲ್ಲಿಲ್ಲದೆ ನಾವೇ ಕೊಂಡು ನುಂಗುತ್ತಿದ್ದ ನೋವಿನ ಮಾತ್ರೆಯೂ ಡಬ್ಬಿಯಲ್ಲಿತ್ತು. ಅವರು ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಯ ಮೇಲೆ ಬೆರಳಿಟ್ಟರು. ಹೊಟ್ಟೆಗೆ ಊಟ ಬಿದ್ದಿರಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಹಲ್ಲುನೋವಿಂದ ದೊಡ್ಡಮ್ಮನ ರಾತ್ರಿ ಊಟ ಅರ್ಧಕ್ಕೆ ಇಳಿದಿತ್ತು, ಮಾತ್ರೆ ಮಾತ್ರ ಅಷ್ಟೇ ಇತ್ತು. ಮೂತ್ರಪಿಂಡದ ಕೆಲಸ ತೋರಿಸುವ ಇಜಿಎಫ್‌ಆರ್ ಎರಡು ವರ್ಷದಲ್ಲಿ 68ರಿಂದ 42ಕ್ಕೆ ಬಂದಿತ್ತು. ಮೂತ್ರಪಿಂಡ ನಿಧಾನವಾದರೆ ಈ ಮಾತ್ರೆಯ ಪ್ರಭಾವ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಒಳ್ಳೆಯದಲ್ಲವೆಂದು ಅದನ್ನು ಅಂದೇ ಬಿಡಿಸಿದರು.

ನನ್ನ ಕಣ್ಣು ತೆರೆಸಿದ್ದು ಅವರ ಇನ್ನೊಂದು ಮಾತು. ದೊಡ್ಡಮ್ಮ ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರು. ಶುಗರ್ ಇಳಿದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಈ ಎರಡನ್ನೂ ಅದು ಮುಚ್ಚಿಹಾಕಬಲ್ಲದು. ಬೆವರನ್ನು ಮುಚ್ಚಲಾರದು. ನಡುಕವೇ ಇಲ್ಲದ್ದರಿಂದ ನಮಗೆ ಲೋ ಶುಗರ್ ಹೊಳೆಯಲೇ ಇಲ್ಲ. ಉಳಿದಿದ್ದ ಒಂದೇ ಸುಳಿವು ಆ ಒದ್ದೆ ದಿಂಬು.

ಗ್ಲಿಮೆಪಿರೈಡ್ ನಿಲ್ಲಿಸಿ ಬೇರೆ ಮಾತ್ರೆ ಬರೆದರು, ಇಜಿಎಫ್‌ಆರ್ ನೋಡಿ ಶುಗರ್‌ನ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಕಡಿಮೆ ಮಾಡಿದರು. ನಾನಾಗಿ ಶುಗರ್ ಮಾತ್ರೆ ಒಂದನ್ನೂ ಮುಟ್ಟಿರಲಿಲ್ಲ. ಶುಗರ್ ಕೆಳಗಿದೆ ಅಂತ ಎಲ್ಲ ಬಿಟ್ಟಿದ್ದರೆ ಇನ್ನೊಂದು ದಿಕ್ಕಿಗೆ ಏರುತ್ತಿತ್ತು. ಹತ್ತು ದಿನದಲ್ಲಿ ದಿಂಬು ಒಣಗಿತು. "ಯಾವಾಗ ಬಂದೆ" ಅನ್ನುವ ಮಾತು ಮತ್ತೆ ಬರಲಿಲ್ಲ.

ದೊಡ್ಡಮ್ಮನಿಗೆ ಪಾದದಲ್ಲಿ ಜೋಮೂ ಇತ್ತು, ಅದರದು ಬೇರೆಯೇ ಕಥೆ. ಶುಗರ್ ಇದ್ದವರಿಗೆ ನರ ಕೆಟ್ಟು ಜೋಮು ಬರುವುದು ನಿಜ, ಅದಕ್ಕೇ ನಾವು ಮುಂದೆ ಕೇಳಲೇ ಇಲ್ಲ. ಆದರೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರ ಜೋಮೂ ಹಾಗೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಬಂತು. ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಿಗೆ ಸುಸ್ತು ಇಳಿಯಿತು, ನಾಲಿಗೆ ಉರಿ ಹೋಯಿತು. ಜೋಮು ಅರ್ಧ ಉಳಿದಿದೆ. ಉಳಿದದ್ದು ಶುಗರ್‌ನದೇ ಇರಬೇಕು ಅಂತ ಡಾಕ್ಟರು ಹೇಳಿದ್ದರಿಂದ ದಿನಾ ರಾತ್ರಿ ಪಾದದಡಿ, ಬೆರಳ ಸಂದಿ ನೋಡುತ್ತೇನೆ. ಗಾಯವಾದರೂ ಅವರಿಗೆ ನೋವು ಗೊತ್ತಾಗುವುದಿಲ್ಲ.

ಎದ್ದಾಗ ಅವರಿಗೆ ತಲೆಸುತ್ತೂ ಬರುತ್ತಿತ್ತು. ಅದು ಶುಗರ್‌ಗೆ ಸೇರಿದ್ದಾಗಿರಲಿಲ್ಲ, ಸುತ್ತಿದ ಹೊತ್ತಿನಲ್ಲಿ ನೋಡಿದರೆ 130, 140 ಇರುತ್ತಿತ್ತು. ಮಲಗಿದ್ದಾಗ ಬಿಪಿ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದೆ: ಮೇಲಿನ ಅಂಕಿ 142ರಿಂದ 114. 20 ಇಳಿದರೇ ಲೆಕ್ಕಕ್ಕೆ ಬರುತ್ತದಂತೆ. ಕ್ಲಿನಿಕ್ಕಿನಲ್ಲಿ ಯಾವಾಗಲೂ ಕೂರಿಸಿಯೇ ನೋಡುತ್ತಿದ್ದುದರಿಂದ ಅಲ್ಲಿ ಸಿಕ್ಕಿರಲಿಲ್ಲ. ಬಿಪಿ ಮಾತ್ರೆಯನ್ನು ಸರಿಹೊಂದಿಸಿದ್ದಾರೆ, ಪೂರ್ತಿ ಹೋಗಿಲ್ಲ. ಈಗ ದೊಡ್ಡಮ್ಮ ಮಂಚದ ಅಂಚಿಗೆ ಕೂತು ಕಾಲಾಡಿಸಿಕೊಂಡು ಆಮೇಲೆ ಏಳುತ್ತಾರೆ.

ಹೋದ ವಾರ ಸೀರೆಯ ಸೆರಗು ಹೊದ್ದುಕೊಳ್ಳುವಾಗ ಎಡಗೈ ಮೇಲಕ್ಕೆ ಬರದೆ ನಿಂತುಬಿಟ್ಟರು. ಆರು ತಿಂಗಳಿಂದ ಹೀಗಂತೆ. ಯಾಕೆ ಹೇಳಲಿಲ್ಲ ಅಂದರೆ, "ಭುಜಕ್ಕೂ ಶುಗರ್‌ಗೂ ಏನೇ ಸಂಬಂಧ?" ಅಂದರು. ಸಂಬಂಧ ಇದೆ, ಶುಗರ್ ಇದ್ದವರಲ್ಲಿ ಭುಜ ಬಿಗಿಯುವುದು ಹೆಚ್ಚು. ಗುರುವಾರ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದೇನೆ. ಕೈ ಎಷ್ಟು ಎತ್ತರಕ್ಕೆ ಬರುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ನೋವು ಏಳುತ್ತದೆ ಎಂದು ನಾಲ್ಕು ದಿನದಿಂದ ಬರೆದಿಟ್ಟಿದ್ದೇನೆ.